ರಟ್ಟಿ ದಪ್ಪ ಆಗೇತಿ, ಚೀಲ ಯಾಕ ಏಳವಲ್ದು?

ಪ್ರಶ್ನೆ: ನನಗೆ 48 ವರ್ಷ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಕಾಳುಕಡಿ ವ್ಯಾಪಾರ. ನಮ್ಮಲ್ಲಿ ಹಮಾಲಿ ಮಾಡುವ ಕಾಕಾ ಒಬ್ಬರಿದ್ದಾರೆ. ವಯಸ್ಸು 55 ದಾಟಿದೆ, ಮೈ ಒಣಕಲು. ಆದರೂ 50 ಕೆಜಿ ಚೀಲಗಳನ್ನು ದಿನವಿಡೀ ಹೊರುತ್ತಾರೆ. ನನ್ನ ಮಗನಿಗೆ 19. ನಾಲ್ಕು ತಿಂಗಳಿಂದ ವಿದ್ಯಾನಗರದ ಜಿಮ್‌ಗೆ ಹೋಗಿ ರಟ್ಟೆ, ಎದೆ ತುಂಬಿಕೊಂಡಿದ್ದಾನೆ. ಮೊನ್ನೆ ಅಂಗಡಿಗೆ ಬಂದವನು ಅದೇ ಚೀಲ ಎತ್ತಲು ಹೋಗಿ ಅರ್ಧಕ್ಕೇ ಬಿಟ್ಟ. ಕಾಕಾ ನಕ್ಕು, "ರಟ್ಟಿ ದಪ್ಪ ಆಗೇತಿ ತಮ್ಮಾ, ಚೀಲ ಯಾಕ ಏಳವಲ್ದು?" ಅಂದರು. ಮಗನಿಗೆ ಅವಮಾನವಾಗಿ, ಈಗ ಪ್ರೋಟೀನ್ ಪೌಡರ್ ಬೇಕೆಂದು ಹಟ ಹಿಡಿದಿದ್ದಾನೆ. ಜಿಮ್‌ನಲ್ಲಿ ಯಾರೋ ಇಂಜೆಕ್ಷನ್ ಬಗ್ಗೆಯೂ ಹೇಳಿದ್ದಾರಂತೆ.

ನನಗೆ ಸಕ್ಕರೆ ಅಂಚಿನಲ್ಲಿದೆ, ವ್ಯಾಯಾಮ ಮಾಡಿ ಅಂತ ಡಾಕ್ಟರ್ ಹೇಳಿದ್ದರು. ಹುರುಪಿನಲ್ಲಿ ಒಂದು ದಿನ ನೂರು ಬೈಠಕ್ ಹೊಡೆದೆ. ಮರುದಿನದಿಂದ ಮೆಟ್ಟಿಲು ಇಳಿಯಲು ಆಗಲಿಲ್ಲ, ತೊಡೆ ಬಾತುಕೊಂಡವು. ಮೂತ್ರವೂ ಚಹಾದ ಬಣ್ಣಕ್ಕೆ ಬಂದಿತ್ತು, ನೀರು ಕಡಿಮೆ ಕುಡಿದಿರಬೇಕು ಅಂದುಕೊಂಡೆ. ನೋವಿನ ಗುಳಿಗೆ ತಿಂದು ನಾಲ್ಕೈದು ದಿನಕ್ಕೆ ಸರಿಹೋಯಿತು. "ಅದು ಲ್ಯಾಕ್ಟಿಕ್ ಆ್ಯಸಿಡ್, ನೋವು ಬಂದರಷ್ಟೇ ಸ್ನಾಯು ಬೆಳೆಯೋದು" ಅಂತ ಮಗನ ಕೋಚ್ ಹೇಳುತ್ತಾರೆ. ನಿಜವೇ? ಈ ವಯಸ್ಸಿನಲ್ಲಿ ನಾನು ಮತ್ತೆ ಶುರುಮಾಡಬಹುದೇ? ಮನೆಯಲ್ಲಿ 72 ವರ್ಷದ ಅವ್ವ ಇದ್ದಾರೆ, ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರೆ. ದಿನಾ ಉಣಕಲ್ ಕೆರೆಯ ದಂಡೆಗೆ ಅಡ್ಡಾಡಲು ಹೋಗುತ್ತಾರೆ, ಆದರೂ ನೆಲದ ಮೇಲೆ ಕೂತರೆ ಏಳಿಸಲು ಯಾರಾದರೂ ಕೈ ಕೊಡಬೇಕು. ಅವರಿಗೆ ಇನ್ನು ಏನಾದರೂ ಮಾಡಿಸಿ ಉಪಯೋಗ ಇದೆಯೇ?

ಉತ್ತರ: ನೀವು ಕೇಳಿದ್ದಕ್ಕಿಂತ ಮೊದಲು, ಕೇಳದೆ ದಾಟಿಹೋದ ಒಂದು ಸಾಲಿಗೆ ಉತ್ತರ ಹೇಳಬೇಕು. ಬೈಠಕ್ ಹೊಡೆದ ಮೇಲೆ ಮೂತ್ರ ಚಹಾದ ಬಣ್ಣಕ್ಕೆ ಬಂದಿತ್ತು ಅಂದಿದ್ದೀರಿ. ನೀರು ಸಾಲದಿದ್ದರೆ ಮೂತ್ರ ಗಾಢ ಹಳದಿಯಾಗುತ್ತದೆ. ತೊಡೆ ಬಾತು, ಮೆಟ್ಟಿಲು ಇಳಿಯಲಾಗದಷ್ಟು ನೋವಿದ್ದಾಗ ಚಹಾದ ಬಣ್ಣ ಬಂತೆಂದರೆ ಅದು ಬೇರೆ ಮಾತು. ಸ್ನಾಯುವಿನ ಕೋಶಗಳು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬಿದ್ದಿರುವ ಸಾಧ್ಯತೆ ಇದೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ಮಿತಿ ಮೀರಿದರೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು. ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು ಒಮ್ಮೆಲೇ ನೂರಾರು ಬೈಠಕ್ ಹೊಡೆದಾಗ ಹೀಗಾಗುವುದುಂಟು. ಬೇಸಿಗೆಯಲ್ಲಿ, ಮೈಯಲ್ಲಿ ನೀರು ಕಡಿಮೆಯಿದ್ದಾಗ ಅಪಾಯ ಇನ್ನೂ ಹೆಚ್ಚು. ನೋವಿನ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಅಂಥ ಹೊತ್ತಿನಲ್ಲಿ ಅವನ್ನು ತಾವಾಗಿಯೇ ನುಂಗುವುದು ಒಳ್ಳೆಯದಲ್ಲ.

ಈಗ ಸರಿಹೋಗಿದೆ, ಗಾಬರಿಯಾಗಬೇಡಿ. ಆದರೆ ಮತ್ತೆ ಶುರುಮಾಡುವ ಮೊದಲು ಫಿಜಿಶಿಯನ್ ಒಬ್ಬರಿಗೆ ಆದದ್ದನ್ನು ಆದಂತೆ ಹೇಳಿ, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವುದು) ಮತ್ತು ಸಿಪಿಕೆ (ಸ್ನಾಯು ಒಡೆದದ್ದನ್ನು ತೋರಿಸುವುದು), ಜೊತೆಗೆ ಮೂತ್ರ ಪರೀಕ್ಷೆ ಮಾಡಿಸಿ. ಕೊಲೆಸ್ಟರಾಲ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಸ್ನಾಯುವಿನ ತೊಂದರೆಗೂ ಅದಕ್ಕೂ ಕೆಲವೊಮ್ಮೆ ನಂಟಿರುತ್ತದೆ. ಮುಂದೆ ಯಾವತ್ತಾದರೂ ಆ ಬಣ್ಣ ಕಂಡರೆ ಮನೆಯಲ್ಲಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೊತ್ತಿಗೆ ಸರಿಯಾಗಿ ಸಲೈನ್ ಏರಿಸಿದರೆ ಬಹುತೇಕರು ಪೂರ್ತಿ ಗುಣವಾಗುತ್ತಾರೆ.

ಇನ್ನು ಚೀಲದ ವಿಷಯ. ಕಾಕಾ ಅವರ ಮಾತು ನಿಮ್ಮ ಮಗನಿಗೆ ಚುಚ್ಚಿರಬಹುದು, ಆದರೆ ಅದರಲ್ಲಿ ಒಳ್ಳೆಯ ಪ್ರಶ್ನೆ ಇದೆ. ಫಿಸಿಯೋಥೆರಪಿಸ್ಟ್ ಆದ ನನ್ನ ಬಳಿ ಜಿಮ್ ಹುಡುಗರೂ ಬರುತ್ತಾರೆ, ಹಮಾಲರೂ ಬರುತ್ತಾರೆ. ಇಬ್ಬರ ಸ್ನಾಯುಗಳನ್ನೂ ಮುಟ್ಟಿ ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ಶಕ್ತಿ ಅಂದರೆ ದಪ್ಪ ಅಷ್ಟೇ ಅಲ್ಲ.

ಸ್ನಾಯುವಿನ ಒಂದೊಂದು ನಾರೂ ಒಂದೊಂದು ಉದ್ದನೆಯ ಕೋಶ, ಕೂದಲೆಳೆಗಿಂತ ದಪ್ಪವಿರುವುದಿಲ್ಲ. ಅದರೊಳಗೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿನಷ್ಟು ಉದ್ದದ ಪುಟ್ಟ ಘಟಕಗಳು ಸಾಲಾಗಿ ಜೋಡಿಕೊಂಡಿರುತ್ತವೆ. ಪ್ರತಿ ಘಟಕದಲ್ಲೂ ಎರಡು ಬಗೆಯ ಎಳೆಗಳಿವೆ: ತೆಳುವಾದ ಆ್ಯಕ್ಟಿನ್, ದಪ್ಪನೆಯ ಮಯೋಸಿನ್. ಸ್ನಾಯು ಬಿಗಿಯಾದಾಗ ಈ ಎಳೆಗಳೇ ಕುಗ್ಗುತ್ತವೆ ಎಂದು ಹಿಂದೆ ನಂಬಿದ್ದರು. 1954ರಲ್ಲಿ ಆ್ಯಂಡ್ರೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಅದು ಹಾಗಲ್ಲ ಎಂದು ತೋರಿಸಿದರು. ಎಳೆಗಳ ಉದ್ದ ಇದ್ದಷ್ಟೇ ಇರುತ್ತದೆ, ಒಂದರ ಮೇಲೊಂದು ಜಾರುತ್ತವೆ.

ಸಿದ್ಧಾರೂಢರ ಜಾತ್ರೆಯಲ್ಲಿ ತೇರಿನ ಹಗ್ಗ ಎಳೆಯುವುದನ್ನು ನೀವು ಕಂಡಿರುತ್ತೀರಿ. ಹಗ್ಗ ಗಿಡ್ಡವಾಗುವುದಿಲ್ಲ, ನೂರಾರು ಕೈಗಳು ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತವೆ, ತೇರು ಸರಿಯುತ್ತದೆ. ಮಯೋಸಿನ್ ಎಳೆಯ ತುಂಬ ಅಂಥ ಕೈಗಳಿವೆ. ನರದಿಂದ ಸೂಚನೆ ಬಂದಾಗ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ ಆ್ಯಕ್ಟಿನ್ ಮೇಲೆ ಹಿಡಿಯುವ ಜಾಗ ತೆರೆಯುತ್ತದೆ, ಕೈಗಳು ಹಿಡಿದು ಜಗ್ಗುತ್ತವೆ. ಹಿಡಿದ ಕೈ ಬಿಡಲು ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಇದರಿಂದಲೇ: ಎಟಿಪಿ ಮುಗಿದು, ಹಿಡಿದ ಕೈ ಹಿಡಿದಲ್ಲೇ ಉಳಿಯುತ್ತದೆ.

ಎಷ್ಟು ಕೈ ಸೇರಿದರೆ ಅಷ್ಟು ಬಲ, ಹಾಗಾಗಿ ದಪ್ಪಕ್ಕೆ ಬೆಲೆ ಇದ್ದೇ ಇದೆ. ಸ್ನಾಯುವಿನ ಅಡ್ಡಕೊಯ್ತದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2ರಿಂದ 3 ಕೆಜಿಯಷ್ಟು ಎಳೆತ ಹುಟ್ಟುತ್ತದೆ. ನಿಮ್ಮ ಮಗ ಗಳಿಸಿದ್ದು ಸುಳ್ಳಲ್ಲ. ಆದರೆ ಸ್ನಾಯುವಿನಲ್ಲಿರುವ ಎಲ್ಲ ನಾರುಗಳೂ ತಾವಾಗಿ ಕೆಲಸಕ್ಕೆ ಇಳಿಯುವುದಿಲ್ಲ, ನರ ಕರೆಯಬೇಕು. ಬೆನ್ನುಹುರಿಯಿಂದ ಹೊರಟ ಒಂದು ನರಕೋಶದ ಕೈಕೆಳಗೆ ಒಂದು ಗುಂಪು ನಾರುಗಳಿರುತ್ತವೆ. ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ಒಂದು ಗುಂಪಿಗೆ ಹತ್ತಿಪ್ಪತ್ತು ನಾರು ಇದ್ದರೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ಹಗುರ ಕೆಲಸಕ್ಕೆ ಸಣ್ಣ ಗುಂಪುಗಳು ಮೊದಲು ಏಳುತ್ತವೆ. ಭಾರ ಏರಿದಂತೆ ದೊಡ್ಡ, ಬಲಿಷ್ಠ, ಬೇಗ ದಣಿಯುವ ಗುಂಪುಗಳಿಗೆ ಕರೆ ಹೋಗುತ್ತದೆ. ರೂಢಿಯಿಲ್ಲದವನು ಎಷ್ಟೇ ತಿಣುಕಿದರೂ ಆ ದೊಡ್ಡ ಗುಂಪುಗಳು ಪೂರ್ತಿ ಏಳುವುದಿಲ್ಲ. ಜೊತೆಗೆ ಎದುರು ದಿಕ್ಕಿಗೆ ಎಳೆಯುವ ಸ್ನಾಯುಗಳೂ ಬಿಗಿಯಾಗಿ ಅವನ ಬಲವನ್ನು ತಾವೇ ತಿಂದುಹಾಕುತ್ತವೆ. ಯಾರೇ ವ್ಯಾಯಾಮ ಶುರುಮಾಡಿದರೂ ಮೊದಲ ಒಂದು ಒಂದೂವರೆ ತಿಂಗಳಲ್ಲಿ ಏರುವ ಶಕ್ತಿಯ ಬಹುಪಾಲು ನರಗಳ ಈ ಕಲಿಕೆಯದು, ದಪ್ಪದ್ದಲ್ಲ. ಕಾಕಾ ಅವರ ನರಗಳು ಚೀಲ ಎತ್ತುವುದೊಂದನ್ನೇ ಎಷ್ಟೋ ವರ್ಷಗಳಿಂದ ಕಲಿಯುತ್ತ ಬಂದಿವೆ. ಮಗನ ನರಗಳು ಕಲಿತದ್ದು ಬೆಂಚಿನ ಮೇಲೆ ಮಲಗಿ ಕಬ್ಬಿಣದ ಸಲಾಕೆ ದೂಡುವುದನ್ನು, ನಿಂತು ಡಂಬೆಲ್ ಮಡಚುವುದನ್ನು.

ಅವರು ಚೀಲ ಹೊರುವಾಗ ಒಮ್ಮೆ ಗಮನವಿಟ್ಟು ನೋಡಿ. ಇಬ್ಬರು ಕೊಕ್ಕೆ ಹಾಕಿ ಎತ್ತಿಕೊಡುವ ಹೊತ್ತಿಗೆ ಹೊರುವವನು ಸೊಂಟ ಇಳಿಸಿ, ಮೊಣಕಾಲು ತುಸು ಮಡಚಿ ತಯಾರಾಗಿರುತ್ತಾನೆ. ಚೀಲ ಕತ್ತಿನ ಬುಡಕ್ಕೆ, ಹೆಗಲಿನ ನಡುವೆ ಬಂದು ಕೂರುತ್ತದೆ, ತೋಳಿನ ಮೇಲಲ್ಲ. ಕೈಗಳ ಕೆಲಸ ಅದನ್ನು ಜಾರದಂತೆ ತಡೆಯುವುದಷ್ಟೇ. ಆಮೇಲೆ ಸಣ್ಣ ಸಣ್ಣ ಬೀಸು ಹೆಜ್ಜೆ. ಭಾರ ನೇರ ಬೆನ್ನುಮೂಳೆ, ಸೊಂಟ, ತೊಡೆಗಳ ಮೇಲಿಂದ ನೆಲಕ್ಕೆ ಇಳಿಯುತ್ತದೆ. ನಿಮ್ಮ ಮಗ ಬಹುಶಃ ಚೀಲವನ್ನು ಮೈಯಿಂದ ದೂರ ಹಿಡಿದು ರಟ್ಟೆಯಿಂದ ಎತ್ತಲು ನೋಡಿರುತ್ತಾನೆ. ರಟ್ಟೆಯ ಸ್ನಾಯು ಮುಂಗೈ ಎಲುಬಿಗೆ ಕಟ್ಟಿಕೊಂಡಿರುವುದು ಮೊಣಕೈ ಕೀಲಿನಿಂದ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ; ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಈ ಲೆಕ್ಕದಲ್ಲಿ ಮೊಣಕೈ ಮಡಚಿ 10 ಕೆಜಿ ಹಿಡಿದರೆ ಸ್ನಾಯು ಎಳೆಯಬೇಕಾದದ್ದು 70 ಕೆಜಿಯ ಆಸುಪಾಸು. 50 ಕೆಜಿಯ ಚೀಲವನ್ನು ಆ ದಾರಿಯಲ್ಲಿ ಎತ್ತಲು ಬಹುತೇಕರ ರಟ್ಟೆಗೆ ಆಗದು. ಸೊಂಟಕ್ಕೂ ಇದೇ ಲೆಕ್ಕ: ಭಾರ ಮೈಯಿಂದ ಒಂದು ಗೇಣು ದೂರವಾದರೂ ಬೆನ್ನಿನ ಮೇಲಿನ ಒತ್ತಡ ಬಹಳಷ್ಟು ಏರುತ್ತದೆ.

ಮಗನಿಗೆ ಚೀಲ ಎತ್ತುವ ಆಸೆಯಿದ್ದರೆ ತುಂಬ ಒಳ್ಳೆಯದು, ಅದನ್ನೇ ಕಲಿಯಲಿ. ಒಂದು ಗೋಣಿಚೀಲಕ್ಕೆ 15ರಿಂದ 20 ಕೆಜಿ ಮರಳು ತುಂಬಿ ಬಾಯಿ ಬಿಗಿದು, ಎದೆಗೆ ಅಪ್ಪಿಕೊಂಡು ಕೂತೇಳುವುದು, ಹೊತ್ತು ನಡೆಯುವುದು ವಾರಕ್ಕೆ ಎರಡು ದಿನ ಸಾಕು. ಜಿಮ್‌ನಲ್ಲಿ ತೊಡೆ, ಪಿರ್ರೆ, ಬೆನ್ನು, ಹಿಡಿತ, ಇವುಗಳ ಕೆಲಸ ಹೆಚ್ಚಿಸಲಿ. ಹುಡುಗರು ಕನ್ನಡಿಯಲ್ಲಿ ಕಾಣುವ ಭಾಗವನ್ನಷ್ಟೇ ಬೆಳೆಸುತ್ತಾರೆ, ದೇಹದ ಬಲವೆಲ್ಲ ಇರುವುದು ಕನ್ನಡಿಗೆ ಬೆನ್ನು ಹಾಕಿದ ಕಡೆ. ಒಂದು ಎಚ್ಚರಿಕೆ: ಸ್ನಾಯು ಬೇಗ ಬಲವಾಗುತ್ತದೆ, ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ. ಮೂರ್ನಾಲ್ಕು ತಿಂಗಳಾದ ಮೇಲೆ ಭುಜ, ಮೊಣಕೈ ನೋವೆಂದು ಬರುವ ಹುಡುಗರಲ್ಲಿ ಹೆಚ್ಚಿನವರದು ಇದೇ ಕತೆ. ತೂಕ ಏರಿಸುವ ಆತುರವನ್ನು ರಜ್ಜು ತಾಳಿಕೊಂಡಿರುವುದಿಲ್ಲ.

ಕಾಕಾ ಅವರ ಮೈಕಟ್ಟು ನೋಡಿ ಹಮಾಲಿಯೇ ಒಳ್ಳೆಯ ವ್ಯಾಯಾಮ ಎಂದು ಮಾತ್ರ ತಿಳಿಯಬೇಡಿ. ವ್ಯಾಯಾಮದಲ್ಲಿ ಭಾರಕ್ಕೆ ಮಿತಿ ಇದೆ, ನಡುವೆ ವಿಶ್ರಾಂತಿ ಇದೆ, ಸುಸ್ತಾದ ದಿನ ಬಿಡುವ ಸ್ವಾತಂತ್ರ್ಯ ಇದೆ. ಹಮಾಲಿಯಲ್ಲಿ ಲಾರಿ ಬಂದಾಗ ಹೊರಲೇಬೇಕು. ಸೊಂಟದ ಡಿಸ್ಕ್, ಮೊಣಕಾಲಿನ ಸವೆತದೊಂದಿಗೆ ಐವತ್ತರ ಸುಮಾರಿಗೆ ಬರುವ ಹಮಾಲರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಂಗಡಿ ನಿಮ್ಮದು. ಚೀಲವನ್ನು ನೆಲದಿಂದಲ್ಲದೆ ಸೊಂಟದೆತ್ತರದ ಕಟ್ಟೆಯಿಂದ ಎತ್ತುವಂತೆ ಮಾಡುವುದು, ಒಂದು ಕೈಗಾಡಿ ಇಡುವುದು, ಹತ್ತಿಪ್ಪತ್ತು ಚೀಲಕ್ಕೊಮ್ಮೆ ಕೂರಲು ನೆರಳು, ನೀರು ಕೊಡುವುದು ನಿಮ್ಮ ಕೈಯಲ್ಲಿದೆ. ಅವರಿಗೆ ಸೊಂಟನೋವು ಕಾಲಿನವರೆಗೆ ಇಳಿಯುತ್ತಿದ್ದರೆ ತಡಮಾಡದೆ ತೋರಿಸಲಿ.

ಲ್ಯಾಕ್ಟಿಕ್ ಆ್ಯಸಿಡ್ ಮಾತು ನಮ್ಮ ಕಡೆಯ ಜಿಮ್‌ಗಳಲ್ಲಿ, ಶಾಲೆಯ ಪಿ.ಟಿ. ತರಗತಿಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಕೋಚ್ ಒಬ್ಬರನ್ನೇ ದೂರುವಂತಿಲ್ಲ. ವೇಗವಾಗಿ ದುಡಿದಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹುಟ್ಟುವುದು ನಿಜ. ಆದರೆ ಕೆಲಸ ನಿಲ್ಲಿಸಿದ ಸುಮಾರು ಒಂದು ತಾಸಿನೊಳಗೆ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಹೃದಯದ ಸ್ನಾಯು ಅದನ್ನೇ ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಸಕ್ಕರೆಯಾಗಿ ಮಾಡಿಕೊಳ್ಳುತ್ತದೆ. ಮರುದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಆ ನೋವು ಬರುವುದು ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ. ಬೈಠಕ್‌ನಲ್ಲಿ ಕೆಳಗೆ ಇಳಿಯುವಾಗ, ಎತ್ತಿದ ಡಂಬೆಲ್ ಇಳಿಸುವಾಗ, ಮೆಟ್ಟಿಲು ಇಳಿಯುವಾಗ ಆಗುವುದು ಇದು. ನೃಪತುಂಗ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ, ಆದರೆ ಹೊಸಬರ ತೊಡೆ ಮರುದಿನ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ಅದೇ ಭಾರವನ್ನು ಕಡಿಮೆ ನಾರುಗಳು ಹೊರುತ್ತವೆ, ಒಂದೊಂದರ ಮೇಲಿನ ಎಳೆತ ಜಾಸ್ತಿಯಾಗಿ ಒಳಗಿನ ಘಟಕಗಳು ಅಲ್ಲಲ್ಲಿ ಹರಿಯುತ್ತವೆ. ಅದನ್ನು ರಿಪೇರಿ ಮಾಡಲು ದೇಹ ಉರಿಯೂತ ಎಬ್ಬಿಸುತ್ತದೆ. ಹಾಗಾಗಿಯೇ ನೋವು ಅಂದೇ ಬರದೆ 24ರಿಂದ 72 ತಾಸಿನ ನಡುವೆ ಜೋರಾಗುತ್ತದೆ. ಒಮ್ಮೆ ಹೀಗಾದ ಸ್ನಾಯು ಮುಂದಿನ ಸಲ, ಕೆಲವು ವಾರಗಳ ಮಟ್ಟಿಗಾದರೂ, ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ನೋವೇ ಬೆಳವಣಿಗೆಯ ಗುರುತಾಗಿದ್ದರೆ, ವರ್ಷಗಟ್ಟಲೆ ಸಾಮು ಮಾಡಿ ನೋವೇ ಕಾಣದ ಗರಡಿ ಪೈಲ್ವಾನರ ಮೈ ಬೆಳೆಯಲೇಬಾರದಿತ್ತು.

ಸ್ನಾಯು ಬೆಳೆಯುವುದು ಎಳೆತಕ್ಕೆ. ರೂಢಿಗಿಂತ ತುಸು ಹೆಚ್ಚಿನ ಭಾರ ಬಿದ್ದಾಗ ನಾರು ಅದನ್ನು ಗ್ರಹಿಸಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಚುರುಕು ಮಾಡುತ್ತದೆ. ಒಂದು ಸಲದ ವ್ಯಾಯಾಮದ ನಂತರ ಆ ಕೆಲಸ 24ರಿಂದ 48 ತಾಸು ನಡೆಯುತ್ತದೆ. ನಾರುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಒಂದೊಂದೂ ದಪ್ಪವಾಗುತ್ತದೆ. ನಾರಿನ ಮಗ್ಗುಲಲ್ಲಿ ಸುಮ್ಮನಿರುವ ಕೆಲವು ಕೋಶಗಳು ಎಚ್ಚೆತ್ತು ಅದಕ್ಕೆ ಸೇರಿಕೊಂಡು ರಿಪೇರಿಗೆ, ಬೆಳವಣಿಗೆಗೆ ನೆರವಾಗುತ್ತವೆ. ಮರುದಿನವೇ ಅದೇ ಸ್ನಾಯುವನ್ನು ಹಣ್ಣುಮಾಡಿದರೆ ಈ ಕಟ್ಟೋಣಕ್ಕೆ ಅಡ್ಡಿ. ಜಿಮ್‌ನಿಂದ ಹೊರಬಂದ ಕೂಡಲೇ ಕನ್ನಡಿಯಲ್ಲಿ ಕಾಣುವ ಉಬ್ಬು ಮಾತ್ರ ರಕ್ತ, ನೀರು ತುಂಬಿಕೊಂಡದ್ದು, ತಾಸೆರಡು ತಾಸಿಗೆ ಇಳಿಯುತ್ತದೆ. ವ್ಯಾಯಾಮ ಬಿಟ್ಟರೆ ಸ್ನಾಯು ಕೊಬ್ಬಾಗುತ್ತದೆ ಎಂಬುದೂ ಸುಳ್ಳು, ಅವೆರಡೂ ಬೇರೆ ಬೇರೆ ಕೋಶಗಳು. ಸ್ನಾಯು ಸಣ್ಣಗಾಗುತ್ತದೆ, ಊಟ ಮೊದಲಿನಷ್ಟೇ ಇದ್ದರೆ ಕೊಬ್ಬು ಸೇರುತ್ತದೆ, ಅಷ್ಟೇ.

48ಕ್ಕೆ ಶುರುಮಾಡಬಹುದೇ ಅಂದರೆ, ಖಂಡಿತ ಮಾಡಬಹುದು. ಸಕ್ಕರೆ ಅಂಚಿನಲ್ಲಿರುವವರಂತೂ ಮಾಡಲೇಬೇಕು. ಇನ್ಸುಲಿನ್ ರಕ್ತದಿಂದ ಹೊರಗೆ ಸಾಗಿಸುವ ಸಕ್ಕರೆಯಲ್ಲಿ ಬಹುಪಾಲನ್ನು ಒಳಗೆಳೆದುಕೊಳ್ಳುವುದು ಸ್ನಾಯುಗಳೇ. ದುಡಿಯುವ ಸ್ನಾಯುವಿಗೆ ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುವ ದಾರಿಯಿದೆ. ಊಟವಾದ ಮೇಲೆ ಗಲ್ಲೆಯ ಮೇಲೆ ಕೂತೇ ಇರದೆ ಹತ್ತು ಹದಿನೈದು ನಿಮಿಷ ಮಾರ್ಕೆಟ್‌ನಲ್ಲಿ ಅಡ್ಡಾಡಿದರೂ ರಕ್ತದಲ್ಲಿ ಸಕ್ಕರೆಯ ಏರು ತಗ್ಗುತ್ತದೆ.

ಪರೀಕ್ಷೆಗಳು ಸರಿಯಿದ್ದರೆ ಹೀಗೆ ಹೋಗಿ. ಮೊದಲ ವಾರ ಎಂಟು ಬೈಠಕ್, ಎರಡು ನಿಮಿಷ ಬಿಟ್ಟು ಮತ್ತೆ ಎಂಟು. ಅದೂ ಕುರ್ಚಿಯ ಎತ್ತರದವರೆಗೆ ಮಾತ್ರ. ಕೈಯನ್ನು ಗೋಡೆಗೋ ಗಲ್ಲೆಯ ಅಂಚಿಗೋ ಕೊಟ್ಟು ಮಾಡುವ ದಂಡ ಎಂಟು, ಮತ್ತೆ ಎಂಟು. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು. ಇನ್ನೂ ಎರಡು ಮೂರು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ. ಹನ್ನೆರಡು ಸಲೀಸಾದ ಮೇಲೆ ಸಂಖ್ಯೆಯನ್ನು ನೂರಕ್ಕೆ ಒಯ್ಯುವ ಬದಲು ಕೈಯಲ್ಲಿ ಐದು ಕೆಜಿ ಹಿಡಿದು ಮತ್ತೆ ಎಂಟಕ್ಕೆ ಬನ್ನಿ. ಇದರಲ್ಲಿರುವ ಅಪಾಯ ಒಂದೇ: ತಪ್ಪು ಭಂಗಿಯನ್ನು ತಿದ್ದುವವರು ಯಾರೂ ಇರುವುದಿಲ್ಲ, ಹಾಗಾಗಿ ಒಂದೆರಡು ಸಲ ತಿಳಿದವರ ಎದುರು ಮಾಡಿ ತೋರಿಸಿ. ಜಿಮ್‌ಗೆ ಹೋದರೆ ತೂಕವನ್ನು ಅಳೆದು ಏರಿಸಬಹುದು, ಇದು ದೊಡ್ಡ ಅನುಕೂಲ. ಆದರೆ ಪಕ್ಕದ ಹುಡುಗನ ತೂಕ ನೋಡಿ ಕೈ ಹಾಕುವ ಆಸೆ ಅಲ್ಲೇ ಹುಟ್ಟುವುದು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಬಿಪಿ ಆ ಕ್ಷಣಕ್ಕೆ ಬಹಳ ಏರುತ್ತದೆ, ಎತ್ತುವಾಗ ಉಸಿರು ಬಿಡುವ ರೂಢಿ ಮಾಡಿಕೊಳ್ಳಿ. ನಡಿಗೆಯೊಂದೇ ಸಾಕು ಅನ್ನುವವರೂ ಇದ್ದಾರೆ. ಹೃದಯಕ್ಕೆ, ಸಕ್ಕರೆಗೆ ಅದು ಒಳ್ಳೆಯದು, ವಾರಕ್ಕೆ 150 ನಿಮಿಷ ನಡೆಯಿರಿ. ಆದರೆ ನಡಿಗೆಯಿಂದ ಸ್ನಾಯುವಿನ ಮೇಲೆ ಹೊಸ ಭಾರ ಬೀಳುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತದೆ. ಎದೆ ಬಿಗಿತ, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮಗನ ಪೌಡರಿಗೆ ಬರುತ್ತೇನೆ. ಸಾಮಾನ್ಯ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರೋಟೀನ್ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. ಭಾರ ಎತ್ತುವವನಿಗೆ 1.2ರಿಂದ 1.6 ಗ್ರಾಂ ಸಾಕು. ಮಗನ ತೂಕ 60 ಕೆಜಿ ಅಂದುಕೊಂಡರೆ ಬೇಕಾದದ್ದು 72ರಿಂದ 96 ಗ್ರಾಂ. ನಮ್ಮ ಅಡುಗೆಮನೆಯಲ್ಲೇ ಲೆಕ್ಕ ಹಾಕೋಣ. 50 ಗ್ರಾಂ ಹಿಟ್ಟಿನ ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 20 ಗ್ರಾಂ. 60 ಗ್ರಾಂ ಒಣ ಮಡಕಿ ಕಾಳಿನ ಇಲ್ಲವೇ ಹೆಸರುಕಾಳಿನ ಪಲ್ಯದಲ್ಲಿ 14. ಒಂದು ಹಿಡಿ ಶೇಂಗಾ, ಅಂದರೆ 40 ಗ್ರಾಂನಲ್ಲಿ 10. ಅರ್ಧ ಲೀಟರ್ ಹಾಲಿನಲ್ಲಿ 16. ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 6. 40 ಗ್ರಾಂ ಕಡಲೆಹಿಟ್ಟಿನ ಝುಣಕದಲ್ಲಿ 8. ಕೂಡಿಸಿದರೆ 74. ಮೊಟ್ಟೆ ತಿನ್ನುವ ಮನೆಯಾದರೆ ಎರಡು ಮೊಟ್ಟೆಗೆ ಇನ್ನೂ 12. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆ್ಯಸಿಡ್ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಕಾಳುಪಲ್ಯ ಇರಲೇಬೇಕೆಂಬ ನಮ್ಮ ಊಟದ ಪದ್ಧತಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಡ. ಕಾಳಿನ ವ್ಯಾಪಾರಿಯ ಮಗನಿಗೆ ಪ್ರೋಟೀನ್ ಕೊರತೆ ಆಗಬೇಕಾದ ಕಾರಣವೇ ಇಲ್ಲ. ತೊಂದರೆ ಇರುವುದು ಬೇರೆ ಕಡೆ: ಬೆಳಿಗ್ಗೆ ಬರೀ ಚಹಾ ಕುಡಿದು ಜಿಮ್‌ಗೆ ಹೋಗುವ, ನಡುವೆ ಗಿರಮಿಟ್ಟು ಮಿರ್ಚಿಯಲ್ಲಿ ಹೊಟ್ಟೆ ತುಂಬಿಸುವ ಹುಡುಗರಿಗೆ ಪ್ರೋಟೀನ್ ಸೇರುವುದು ರಾತ್ರಿಯ ಊಟದಲ್ಲಿ ಮಾತ್ರ. ಅದನ್ನು ಮೂರು ಹೊತ್ತಿಗೆ ಹಂಚಿಕೊಂಡರೆ ಸಾಕು.

ಪೌಡರ್ ವಿಷವಲ್ಲ. ಅದರಲ್ಲಿ ಹೆಚ್ಚಾಗಿ ಇರುವ ವೇ (whey) ಅಂದರೆ ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನ್, ಡಬ್ಬಿಯೊಳಗಿನ ಅಳತೆ ಚಮಚೆ ಒಂದಕ್ಕೆ 20ರಿಂದ 25 ಗ್ರಾಂ. ಊಟದಲ್ಲಿ ಸಾಲದ ದಿನ ಅನುಕೂಲಕ್ಕೆ ಬರುತ್ತದೆ, ಅದಕ್ಕಿಂತ ಹೆಚ್ಚಿನ ಮಾಯೆ ಅದರಲ್ಲಿಲ್ಲ. ಜಿಮ್‌ನ ಕೌಂಟರಿನಲ್ಲಿ ಬಿಡಿಯಾಗಿ, ಲೇಬಲ್ ಇಲ್ಲದ ಡಬ್ಬಿಯಲ್ಲಿ ಕೊಡುವುದನ್ನು ಕೊಳ್ಳಬೇಡಿ, ಅದರೊಳಗೆ ಏನಿದೆಯೆಂದು ಯಾರೂ ಹೊಣೆ ಹೊರುವುದಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ತಯಾರಿಕೆ ತಾರೀಖು ನೋಡಿ. ಜಿಮ್‌ಗಳಲ್ಲಿ ಓಡಾಡುವ ಇನ್ನೊಂದು ಪುಡಿ ಕ್ರಿಯಾಟಿನ್, ಅದರ ಬಗ್ಗೆಯೂ ಮಗ ಇಂದಲ್ಲ ನಾಳೆ ಕೇಳುತ್ತಾನೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮಾನೊಹೈಡ್ರೇಟ್ ಆರೋಗ್ಯವಂತ ವಯಸ್ಕರಿಗೆ ಸುರಕ್ಷಿತವೆಂದೂ, ಭಾರ ಎತ್ತುವ ಶಕ್ತಿಯನ್ನು ತುಸು ಹೆಚ್ಚಿಸುತ್ತದೆಂದೂ ಸಾಕಷ್ಟು ಅಧ್ಯಯನಗಳು ಹೇಳಿವೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಿ ಕಾಣಬಹುದು, ಡಾಕ್ಟರಿಗೆ ಮೊದಲೇ ತಿಳಿಸಬೇಕು. ನೀವು ಮಾತ್ರ, ಮೂತ್ರಪಿಂಡದ ಪರೀಕ್ಷೆ ಆಗುವವರೆಗೆ, ಅದರ ಗೊಡವೆಗೆ ಹೋಗಬೇಡಿ.

ಇಂಜೆಕ್ಷನ್‌ಗೆ ಮಾತ್ರ ಒಂದೇ ಉತ್ತರ: ಬೇಡ. ಅದು ಬಹುತೇಕ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಜಾತಿಯ ಸ್ಟಿರಾಯ್ಡ್. ಸ್ನಾಯು ಬೆಳೆಸುವುದು ನಿಜ, ಅದಕ್ಕೇ ಹುಡುಗರು ಮರುಳಾಗುವುದು. ಹೊರಗಿನಿಂದ ಹಾರ್ಮೋನ್ ಬಂತೆಂದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ. ಬಿಟ್ಟ ಮೇಲೂ ಅದು ಮೊದಲಿನಂತಾಗಲು ತಿಂಗಳುಗಳು ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಸಿಟ್ಟು, ಖಿನ್ನತೆ ಕಾಡುತ್ತವೆ. ಒಂದೇ ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಅಪಾಯ ಬೇರೆ. ಮಗನನ್ನು ಗದರಿಸಬೇಡಿ, ಗದರಿಸಿದರೆ ಮುಚ್ಚಿಟ್ಟು ಮಾಡುತ್ತಾರೆ. ಕೂರಿಸಿಕೊಂಡು ಇದನ್ನು ಓದಿಸಿ. 19ರ ವಯಸ್ಸಿನಲ್ಲಿ ಅವನ ದೇಹದಲ್ಲೇ ಆ ಹಾರ್ಮೋನ್ ಧಾರಾಳವಾಗಿದೆ. ಅವನಿಗೆ ಬೇಕಾಗಿರುವುದು ಇನ್ನೂ ಎರಡು ವರ್ಷದ ತಾಳ್ಮೆ, ಹೊಟ್ಟೆತುಂಬ ಊಟ, ಏಳೆಂಟು ತಾಸು ನಿದ್ದೆ.

ಅವ್ವನ ಬಗ್ಗೆ ನೀವು "ಇನ್ನು ಏನಾದರೂ ಉಪಯೋಗ ಇದೆಯೇ" ಎಂದು ಕೇಳಿದ್ದೀರಿ. ಮನೆಯಲ್ಲಿ ಹೆಚ್ಚು ಉಪಯೋಗ ಆಗುವುದು ಅವರಿಗೇ. ಮೂವತ್ತು ನಲವತ್ತರ ನಂತರ ಸ್ನಾಯು ನಿಧಾನವಾಗಿ ಕರಗುತ್ತ ಬರುತ್ತದೆ, ಅರವತ್ತರ ಮೇಲೆ ವೇಗ ಹೆಚ್ಚು, ಮತ್ತು ದಪ್ಪಕ್ಕಿಂತ ಬಲ ಬೇಗ ಇಳಿಯುತ್ತದೆ. ಅದರಲ್ಲೂ ಬಡಬಡ ಎದ್ದೇಳಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ವೇಗದ ನಾರುಗಳೇ ಮೊದಲು ಸೊರಗುತ್ತವೆ. ಕೆರೆಯ ದಂಡೆಯ ಸಪಾಟು ದಾರಿಯಲ್ಲಿ ಅವುಗಳಿಗೆ ಕರೆಯೇ ಹೋಗುವುದಿಲ್ಲ. ಅದಕ್ಕೇ ದಿನಾ ಅಡ್ಡಾಡಿದರೂ ನೆಲದಿಂದ ಏಳಲು ಆಗುತ್ತಿಲ್ಲ. 1990ರಲ್ಲಿ ಅಮೆರಿಕದ ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹಿರಿಯರಿಗೆ ಎಂಟು ವಾರ ತೊಡೆಯಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದವರು ಒಂಬತ್ತೇ ಮಂದಿ, ಸಣ್ಣ ಅಧ್ಯಯನ. ಆದರೆ ಅವರ ತೊಡೆಯ ಶಕ್ತಿ ಸರಾಸರಿ 174 ಪ್ರತಿಶತ ಏರಿತು, ತೊಡೆಯ ಸ್ನಾಯುವಿನ ಅಡ್ಡಕೊಯ್ತದ ವಿಸ್ತಾರವೂ 9 ಪ್ರತಿಶತದಷ್ಟು ಹಿಗ್ಗಿತು. ಆಮೇಲೆ ಬಂದ ಎಷ್ಟೋ ದೊಡ್ಡ ಅಧ್ಯಯನಗಳೂ ಇದನ್ನೇ ಹೇಳಿವೆ. ನಿಮ್ಮ ಅವ್ವನಿಗೆ ಇನ್ನೂ 72.

ಅವರ ಬಿಪಿ ಹತೋಟಿಯಲ್ಲಿದೆಯೇ ಎಂದು ಮೊದಲು ನೋಡಿಸಿ. ಆಮೇಲೆ ಗೋಡೆಗೆ ಒತ್ತಿಟ್ಟ, ಹಿಡಿ ಇಲ್ಲದ ಗಟ್ಟಿ ಕುರ್ಚಿಯ ಮೇಲೆ ಕೂರಿಸಿ, ಎರಡೂ ಕೈ ಎದೆಯ ಮೇಲಿಟ್ಟು ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ನೀವು ಪಕ್ಕದಲ್ಲೇ ನಿಂತಿರಬೇಕು. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕುಂದಿದೆ ಎಂದು ಅರ್ಥ. ಕೈಯೂರದೆ ಏಳಲು ಆಗದೇ ಇದ್ದರೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರಿಸಿ ಅಲ್ಲಿಂದ ಶುರುಮಾಡಿಸಿ. ಐದು ಸಲ, ವಿಶ್ರಾಂತಿ, ಮತ್ತೆ ಐದು. ದಿನ ಬಿಟ್ಟು ದಿನ. ಸಲೀಸಾದಂತೆ ಒಂದೊಂದೇ ದಿಂಬು ತೆಗೆಯಿರಿ. ಆಮೇಲೆ ಮೋಟು ಮಣೆ, ಕೊನೆಗೆ ನೆಲ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದನ್ನು ಹತ್ತು ಸಲ ಜೊತೆಗೆ ಸೇರಿಸಿ. ಏಳುವಾಗ ಉಸಿರು ಬಿಡಬೇಕು, ಜೋರಾಗಿ ಎಣಿಸುತ್ತ ಎದ್ದರೆ ಅದು ತಾನಾಗಿ ಆಗುತ್ತದೆ.

ಮೊಣಕಾಲು ಸವೆದಿದೆ, ಭಾರ ಹಾಕಬಾರದು ಎಂದು ಹೆದರಿ ನಿಲ್ಲಿಸುವವರೇ ಹೆಚ್ಚು. ತೊಡೆ ಗಟ್ಟಿಯಾದಷ್ಟೂ ಮೊಣಕಾಲಿನ ನೋವು ಕಡಿಮೆಯಾಗುತ್ತದೆ. ವ್ಯಾಯಾಮದ ಹೊತ್ತಿಗೆ ಬರುವ ಸಣ್ಣ ನೋವು ಮರುದಿನಕ್ಕೆ ಇಳಿದಿದ್ದರೆ ಮುಂದುವರಿಸಿ. ಮೊಣಕಾಲು ಬಾತರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಒಂದೇ ಕಾಲು ಸೋಲುತ್ತಿದ್ದರೆ ನಿಲ್ಲಿಸಿ ತೋರಿಸಿ. ಊಟದಲ್ಲಿ ಅವ್ವನಿಗೂ ಕಾಳುಪಲ್ಯ, ಮೊಸರು, ಹಾಲು ಎರಡೂ ಹೊತ್ತು ಇರಲಿ. ವಯಸ್ಸಾದವರು ಹಲ್ಲಿನ ತೊಂದರೆಗೆ ರೊಟ್ಟಿ ಬಿಟ್ಟು ಅನ್ನ-ಸಾರಿಗೆ ಇಳಿದುಬಿಡುತ್ತಾರೆ, ಅಲ್ಲಿಗೆ ಪ್ರೋಟೀನ್ ಅರ್ಧಕ್ಕರ್ಧ ಖೋತಾ. ರೊಟ್ಟಿ ಅಗಿಯಲಾಗದಿದ್ದರೆ ಹಾಲಿನಲ್ಲೋ ಕಾಳಿನ ಸಾರಿನಲ್ಲೋ ಮುರಿದು ನೆನೆಸಿ ಕೊಡಿ. ಎರಡು ತಿಂಗಳಾದ ಮೇಲೆ ಅದೇ ಕುರ್ಚಿಯ ಮೇಲೆ ಮತ್ತೆ ಐದು ಸಲ ಏಳಿಸಿ ಸೆಕೆಂಡ್ ಎಣಿಸಿ. ಇಳಿಯದಿದ್ದರೆ ಹತ್ತಿರದ ಫಿಸಿಯೋಥೆರಪಿಸ್ಟ್ ಬಳಿ ಕರೆದುಕೊಂಡು ಹೋಗಿ, ಸೊಂಟದ ನರ, ಥೈರಾಯ್ಡ್, ವಿಟಮಿನ್ ಡಿ ಇವುಗಳನ್ನೂ ಡಾಕ್ಟರ್ ಒಮ್ಮೆ ನೋಡಲಿ.